ನೋಟಿಗೆ ಬೆಲೆ ಹೋದದ್ದು 1923ರಲ್ಲಿ, ಹಿಟ್ಲರ್ ಬಂದದ್ದು 1933ರಲ್ಲಿ. ನಡುವಿನ ಹತ್ತು ವರ್ಷ ಏನಾಯಿತು?

ಸಂಜೆಓದು

ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಓದಿದ್ದು, ಆಮೇಲೆ ವಿಡಿಯೋಗಳಲ್ಲಿ ನೋಡಿದ್ದು ಎಲ್ಲಾ ಒಂದೇ ಕತೆ. ಜರ್ಮನಿ ಯುದ್ಧ ಸೋತಿತು, ವರ್ಸೇಲ್ಸ್ ಒಪ್ಪಂದದಲ್ಲಿ ದೊಡ್ಡ ದಂಡ ಬಿತ್ತು, ನೋಟು ಬರೀ ಕಾಗದವಾಯಿತು, ಜನ ರೊಚ್ಚಿಗೆದ್ದು ಹಿಟ್ಲರನಿಗೆ ವೋಟು ಹಾಕಿದರು. ಆದರೆ ಇಸವಿ ಬರೆದುಕೊಂಡು ನೋಡಿದರೆ ಲೆಕ್ಕ ಕೂಡುವುದಿಲ್ಲ. ನೋಟಿಗೆ ಬೆಲೆ ಹೋದದ್ದು 1923ರಲ್ಲಿ. ಅವನು ಚಾನ್ಸಲರ್ (ಅಲ್ಲಿನ ಪ್ರಧಾನಿ) ಆದದ್ದು 1933ರಲ್ಲಿ. ಜನ ಹತ್ತು ವರ್ಷ ಸಿಟ್ಟು ಹಿಡಿದುಕೊಂಡು ಕೂತಿದ್ದರಾ?

ಇನ್ನೊಂದು ಪ್ರಶ್ನೆ. 1929ರ ಕುಸಿತ ಅಮೆರಿಕವನ್ನೂ ಬಿಡಲಿಲ್ಲ. ಅಲ್ಲಿ ರೂಸ್‌ವೆಲ್ಟ್ ಬಂದರು, ಜರ್ಮನಿಯಲ್ಲಿ ಹಿಟ್ಲರ್ ಬಂದ. ಯಾಕೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇಪುಟ

ಎರಡು ಬೇರೆ ಬೇರೆ ಬಿಕ್ಕಟ್ಟುಗಳನ್ನು ಕಲಸಿ ಒಂದೇ ಮಾಡಿದ್ದರಿಂದ ಈ ಗೊಂದಲ. ಮೊದಲು 1923ನ್ನು ಮುಗಿಸೋಣ.

ಆ ವರ್ಷ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ಜರ್ಮನಿಯ ರೂರ್ ಪ್ರದೇಶಕ್ಕೆ ನುಗ್ಗಿತು. ಯುದ್ಧ ಪರಿಹಾರದ ಬಾಕಿ ವಸೂಲಿಗೆ ಅಂತ. ಅಲ್ಲಿನ ಗಣಿ, ಕಾರ್ಖಾನೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರನ್ನು ಸಾಕಲು ಜರ್ಮನ್ ಸರ್ಕಾರ ನೋಟು ಮುದ್ರಿಸಿತು. ಮೊದಲೇ ಏರುತ್ತಿದ್ದ ಬೆಲೆ ಕೈಗೆ ಸಿಗದಂತಾಯಿತು. ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್.

ಹಿಟ್ಲರ್ ಕೂಡ ಇದೇ ಸಮಯ ಅಂದುಕೊಂಡ. ನವೆಂಬರ್ 8ರ ರಾತ್ರಿ ಮ್ಯೂನಿಕ್‌ನ ಬಿಯರ್ ಹಾಲ್ ಒಂದರಲ್ಲಿ ದಂಗೆ ಎದ್ದ. ಮರುದಿನ ಪೊಲೀಸರು ಗುಂಡು ಹಾರಿಸಿದರು, ದಂಗೆ ಮುಗಿಯಿತು. ಅವನಿಗೆ ಐದು ವರ್ಷ ಶಿಕ್ಷೆ ಆಯಿತು, ಒಂದೇ ವರ್ಷದೊಳಗೆ ಹೊರಗೆ ಬಂದ. (ನ್ಯಾಯಾಧೀಶರ ಈ ಉದಾರತೆಯ ಬಗ್ಗೆ ಬೇರೆಯೇ ಬರೆಯಬೇಕು.) ಅದೇ ನವೆಂಬರ್ 15ರಿಂದ ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂತು, ಬೆಲೆ ನಿಂತಿತು.

ಆಮೇಲಿನ ಚುನಾವಣೆ ನೋಡಿ. 1924ರ ಮೇ ತಿಂಗಳಲ್ಲಿ, ಪಕ್ಷದ ಮೇಲೆ ನಿಷೇಧ ಇದ್ದಾಗ, ಅವನ ಕಡೆಯವರು ಬೇರೆ ಹೆಸರಲ್ಲಿ ನಿಂತು ಪಡೆದದ್ದು 6.5 ಶೇಕಡಾ. ಅದೇ ಡಿಸೆಂಬರಿನಲ್ಲಿ 3. 1928ರಲ್ಲಿ 2.6 ಶೇಕಡಾ, ಬರೀ 12 ಸೀಟು. ಅಂದರೆ ಹಣದುಬ್ಬರದ ಐದು ವರ್ಷದ ನಂತರ ಅವನು ಯಾರೂ ತಲೆ ಕೆಡಿಸಿಕೊಳ್ಳದ ಒಬ್ಬ ಸಣ್ಣ ಪಕ್ಷದ ನಾಯಕ. ಎರಡೇ ವರ್ಷ ಬಿಟ್ಟು, 1930ರ ಸೆಪ್ಟೆಂಬರ್ 14ಕ್ಕೆ, 18.3 ಶೇಕಡಾ, 107 ಸೀಟು. ನೀವು ಕೇಳಬೇಕಾದದ್ದು ಈ ಎರಡು ವರ್ಷದ ಬಗ್ಗೆ.

ಹಾಗಂತ 1923 ಲೆಕ್ಕಕ್ಕಿಲ್ಲ ಅನ್ನುತ್ತಿಲ್ಲ. ಜೀವಮಾನದ ಉಳಿತಾಯ ಕಳೆದುಕೊಂಡ ನಿವೃತ್ತರು, ಸಣ್ಣ ನೌಕರರು ಗಣರಾಜ್ಯವನ್ನು ಮತ್ತೆ ನಂಬಲಿಲ್ಲ. ಅವರು ತಕ್ಷಣ ನಾಜಿಗಳ ಕಡೆ ಹೋಗಲಿಲ್ಲ, ಅಷ್ಟೇ. ಸಣ್ಣಪುಟ್ಟ ಪಕ್ಷಗಳಿಗೆ ಚದುರಿಹೋದರು. ಹಾಗೆ ಚದುರಿದವರನ್ನು ಮುಂದೆ ಹಿಟ್ಲರ್ ಗುಡಿಸಿಕೊಂಡ.

ಬಡ್ಡಿದರ

ಹಳೇಪುಟ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. 1930ರ ಕಾಲದ ಸಮಸ್ಯೆ ಬೆಲೆ ಏರಿಕೆಯೇ ಅಲ್ಲ, ಬೆಲೆ ಇಳಿಕೆ. ಇದು ಎಷ್ಟೋ ಜನರಿಗೆ ಆಶ್ಚರ್ಯ.

1924ರ ನಂತರ ಜರ್ಮನಿ ಚೇತರಿಸಿಕೊಂಡದ್ದು ಅಮೆರಿಕದ ಸಾಲದ ಮೇಲೆ. ಅದರಲ್ಲಿ ಬಹಳಷ್ಟು ಕಡಿಮೆ ಅವಧಿಯ ಸಾಲ. ಊರಿನ ಈಜುಕೊಳ, ಆಸ್ಪತ್ರೆ ಕಟ್ಟಲು ಕೆಲವು ತಿಂಗಳ ವಾಯಿದೆಯ ಸಾಲ ತರುವುದು ಅಂದರೆ ಯೋಚನೆ ಮಾಡಿ. ನ್ಯೂಯಾರ್ಕ್ ಮಾರುಕಟ್ಟೆ ಬಿದ್ದ ಮೇಲೆ ಸಾಲ ಕೊಟ್ಟವರು ವಾಪಸ್ ಕೇಳಿದರು. 1929ರ ಸೆಪ್ಟೆಂಬರಿನಲ್ಲಿ ದಾಖಲಾದ ನಿರುದ್ಯೋಗಿಗಳು ಸುಮಾರು 13 ಲಕ್ಷ. 1932ರ ಫೆಬ್ರವರಿಯಲ್ಲಿ 61 ಲಕ್ಷ. ದಾಖಲಾಗದವರು ಬೇರೆ.

ಆಗ ಚಾನ್ಸಲರ್ ಆಗಿದ್ದವರು ಹೈನ್ರಿಕ್ ಬ್ರೂನಿಂಗ್. ಅವರು ಮಾಡಿದ್ದು ತೆರಿಗೆ ಏರಿಸುವುದು, ಸಂಬಳ ಕಡಿತ ಮಾಡುವುದು, ನಿರುದ್ಯೋಗ ಭತ್ಯೆ ಇಳಿಸುವುದು. 1931ರ ಡಿಸೆಂಬರಿನ ಒಂದು ಆಜ್ಞೆಯಲ್ಲಿ ದೇಶದ ಎಲ್ಲಾ ಕೂಲಿಯನ್ನೂ 1927ರ ಜನವರಿಯ ಮಟ್ಟಕ್ಕೆ ಇಳಿಸಿದರು. ಯಾಕೆ ಹೀಗೆ ಅಂದರೆ, ನೋಟು ಮುದ್ರಿಸಿದರೆ ಮತ್ತೆ 1923 ಬರುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಜೊತೆಗೆ, ನಮ್ಮ ಕೈಯಲ್ಲಿ ಆಗುವುದೇ ಇಲ್ಲ ಎಂದು ತೋರಿಸಿ ಯುದ್ಧ ಪರಿಹಾರದಿಂದ ತಪ್ಪಿಸಿಕೊಳ್ಳುವ ಲೆಕ್ಕಾಚಾರ. ಹಾಗಾಗಿ 1923ರ ಪಾತ್ರ ಇದ್ದೇ ಇದೆ, ಆದರೆ ಅದು ಜನರ ಸಿಟ್ಟಿಗಿಂತ ಜಾಸ್ತಿ ಖಜಾನೆಯವರ ಭಯದ ರೂಪದಲ್ಲಿ ಬಂತು.

ನಡುವೆ ಬ್ಯಾಂಕುಗಳೂ ಬಿದ್ದವು. 1931ರ ಮೇ ತಿಂಗಳಲ್ಲಿ ವಿಯೆನ್ನಾದ ಕ್ರೆಡಿಟ್‌ಆನ್‌ಸ್ಟಾಲ್ಟ್, ಜುಲೈ 13ಕ್ಕೆ ಬರ್ಲಿನ್‌ನ ಡನಾಟ್ ಬ್ಯಾಂಕ್. ಡನಾಟ್‌ನ ಮುಖ್ಯಸ್ಥರಲ್ಲಿ ಒಬ್ಬರು ಯಹೂದಿ. ನಾಜಿ ಪತ್ರಿಕೆಗಳಿಗೆ ಇನ್ನೇನು ಬೇಕು?

ಕಟ್ಟೆಹುಡುಗ

ಅಯ್ಯೋ ಇಷ್ಟುದ್ದ ಯಾಕೆ ಸ್ವಾಮಿ. ಕೆಲಸ ಹೋಯಿತು, ಹೊಟ್ಟೆ ಹಸಿಯಿತು, ಹಿಟ್ಲರನಿಗೆ ವೋಟು ಹಾಕಿದರು. ಹಸಿದವನಿಗೆ ಪ್ರಜಾಪ್ರಭುತ್ವ ಯಾವನಿಗೆ ಬೇಕು?

ಅಂಕಿಸಂಖ್ಯೆ

ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ವೋಟಿನ ಅಂಕಿ ಹಾಗೆ ಹೇಳುವುದಿಲ್ಲ. ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರು ಹೆಚ್ಚಾಗಿ ಹೋದದ್ದು ಕಮ್ಯುನಿಸ್ಟರ ಕಡೆ. ಆ ಪಕ್ಷ 1928ರಲ್ಲಿ 10.6 ಶೇಕಡಾ ಇದ್ದದ್ದು 1932ರ ನವೆಂಬರಿಗೆ 16.9 ಆಯಿತು.

ನಾಜಿಗಳಿಗೆ ಬಲ ಬಂದದ್ದು ಪ್ರಾಟೆಸ್ಟೆಂಟ್ ಹಳ್ಳಿಗಳಿಂದ, ಸಣ್ಣ ಊರುಗಳಿಂದ. ಸಾಲದಲ್ಲಿ ಮುಳುಗಿದ ರೈತರು, ಅಂಗಡಿಯವರು, ಕುಶಲಕರ್ಮಿಗಳು, ಗುಮಾಸ್ತರು, ಪಿಂಚಣಿದಾರರು. 1932ರ ಜುಲೈನಲ್ಲಿ ದೇಶದಲ್ಲಿ 37.3 ಶೇಕಡಾ ಬಂದಾಗ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ 51. ಕೃಷಿ ಬೆಲೆ 1929ಕ್ಕೂ ಮೊದಲೇ ಬಿದ್ದಿತ್ತು, ಹೊಲ ಹರಾಜಾಗುತ್ತಿತ್ತು, ಅಲ್ಲಿನ ರೈತರು 1928ರಲ್ಲೇ ಬೀದಿಗಿಳಿದಿದ್ದರು. ಕ್ಯಾಥೊಲಿಕ್ ಊರುಗಳಲ್ಲಿ, ಅಷ್ಟೇ ಬಡತನ ಇದ್ದರೂ, ಜನ ತಮ್ಮ ಸೆಂಟರ್ ಪಕ್ಷ ಬಿಡಲಿಲ್ಲ.

ಕಾರ್ಮಿಕರು ಯಾರೂ ಹಾಕಲಿಲ್ಲ ಅಂತಲೂ ಅಲ್ಲ. ಸಣ್ಣ ಊರಿನ, ಸಂಘಕ್ಕೆ ಸೇರದ ಕೂಲಿಗಳು ಸಾಕಷ್ಟು ಜನ ಹಾಕಿದರು. ಆದರೆ ಮುಖ್ಯವಾಗಿ ಇದು ಬಿದ್ದವರ ವೋಟಿಗಿಂತ ಬೀಳುತ್ತೇವೆ ಎಂದು ಹೆದರಿದವರ ವೋಟು.

ಕಟ್ಟೆಹುಡುಗ

ಸರಿ ಬಿಡಿ, ಅದನ್ನು ಒಪ್ಪಿದೆ. ಆದರೂ ಅಷ್ಟೊಂದು ಪಕ್ಷ, ವರ್ಷಕ್ಕೊಂದು ಸರ್ಕಾರ. ಒಂದು ಗಟ್ಟಿ ಸರ್ಕಾರ ಇದ್ದಿದ್ದರೆ ಇದೆಲ್ಲಾ ಆಗುತ್ತಿತ್ತಾ? ಐದು ಶೇಕಡಾ ವೋಟು ಬರದ ಪಕ್ಷಕ್ಕೆ ಸೀಟಿಲ್ಲ ಅಂತ ಕಾನೂನು ಇದ್ದಿದ್ದರೆ ಮುಗಿಯುತ್ತಿತ್ತು.

ಕಾನೂನುಕಟ್ಟೆ

37 ಶೇಕಡಾ ಪಡೆದವನನ್ನು ಐದು ಶೇಕಡಾದ ಗೋಡೆ ಹೇಗೆ ತಡೆಯುತ್ತದೆ? ಕ್ಷೇತ್ರಕ್ಕೊಬ್ಬ ಗೆಲ್ಲುವ ಪದ್ಧತಿ ಇದ್ದಿದ್ದರೆ 1932ರ ಜುಲೈನಲ್ಲೇ ಅವನಿಗೆ ಬಹುಮತ ಬರುತ್ತಿತ್ತೋ ಏನೋ.

ಈ ಅಸ್ಥಿರತೆ ಮಳೆಯ ಹಾಗೆ ಮೇಲಿಂದ ಬಿದ್ದದ್ದಲ್ಲ. ಅರ್ಧ ಭಾಗ ಬೇಕಂತಲೇ ಮಾಡಿದ್ದು. ಹೇಗೆ ಅಂದರೆ:

1930ರ ಮಾರ್ಚ್ 27ರವರೆಗೆ ಸೋಷಿಯಲ್ ಡೆಮಾಕ್ರಾಟ್ ನಾಯಕ ಹರ್ಮನ್ ಮ್ಯುಲರ್ ಅವರ ಸಮ್ಮಿಶ್ರ ಸರ್ಕಾರ ಇತ್ತು. ಬಹುಮತವೂ ಇತ್ತು. ನಿರುದ್ಯೋಗ ವಿಮೆಗೆ ಸಂಬಳದಿಂದ ಹಿಡಿಯುವ ವಂತಿಗೆಯನ್ನು ಅರ್ಧ ಶೇಕಡಾ ಏರಿಸಬೇಕಾ ಬೇಡವಾ ಎಂಬ ಜಗಳದಲ್ಲಿ ಅದು ಮುರಿಯಿತು. ಅರ್ಧ ಶೇಕಡಾ! ಆದರೆ ಅಧ್ಯಕ್ಷ ಹಿಂಡೆನ್‌ಬರ್ಗ್ ಸುತ್ತ ಇದ್ದ ಸೇನಾಧಿಕಾರಿಗಳು, ಜಮೀನ್ದಾರರು ಅದಕ್ಕಾಗಿ ಮೊದಲೇ ಕಾಯುತ್ತಿದ್ದರು. ಸೋಷಿಯಲ್ ಡೆಮಾಕ್ರಾಟರನ್ನು ಹೊರಗಿಟ್ಟು, ಸಂಸತ್ತಿನ ಹಂಗಿಲ್ಲದೆ ಆಳುವ ಸರ್ಕಾರ ಅವರಿಗೆ ಬೇಕಿತ್ತು.

ಅದಕ್ಕೆ ಸಾಧನ ಸಂವಿಧಾನದಲ್ಲೇ ಇತ್ತು. 48ನೇ ವಿಧಿ. ತುರ್ತು ಇದ್ದಾಗ ಅಧ್ಯಕ್ಷರು ಸುಗ್ರೀವಾಜ್ಞೆ ಹೊರಡಿಸಬಹುದು. ರದ್ದು ಮಾಡುವ ಹಕ್ಕು ಸಂಸತ್ತಿಗೆ ಇತ್ತು. ಆದರೆ 25ನೇ ವಿಧಿ ಪ್ರಕಾರ ಸಂಸತ್ತನ್ನೇ ವಿಸರ್ಜಿಸುವ ಹಕ್ಕು ಅಧ್ಯಕ್ಷರಿಗೆ! 1930ರ ಜುಲೈನಲ್ಲಿ ಹಾಗೇ ಆಯಿತು. ಬ್ರೂನಿಂಗ್ ಅವರ ಆಜ್ಞೆಯನ್ನು ಸಂಸತ್ತು ರದ್ದು ಮಾಡಿತು, ಮಾಡಿದ ತಪ್ಪಿಗೆ ಸಂಸತ್ತೇ ಹೋಯಿತು. ಅವಧಿ ಮುಗಿಯಲು ಇನ್ನೂ ಎರಡು ವರ್ಷ ಇದ್ದಾಗ, ಕುಸಿತದ ನಡುವೆ, ಯಾರಿಗೂ ಬೇಡದ ಚುನಾವಣೆ. ಅದೇ 107 ಸೀಟಿನ ಚುನಾವಣೆ.

ಮೊದಲ ಅಧ್ಯಕ್ಷ ಎಬರ್ಟ್ ಕೂಡ 48ನೇ ವಿಧಿಯನ್ನು ನೂರಕ್ಕೂ ಹೆಚ್ಚು ಸಲ ಬಳಸಿದ್ದರು, ಅದನ್ನು ಮುಚ್ಚಿಡಬಾರದು. ಆದರೆ ಅವರು ಬಳಸಿದ್ದು ಗಣರಾಜ್ಯ ಉಳಿಸಿಕೊಳ್ಳಲು. ಈಗ ಬಳಸಿದ್ದು ಸಂಸತ್ತಿನ ಬದಲಿಗೆ. 1932ರಲ್ಲಿ ಸಂಸತ್ತು ಕೂತದ್ದು 13 ದಿನ, ಮಾಡಿದ ಕಾನೂನು 5. ಉಳಿದ ಆಡಳಿತವೆಲ್ಲಾ ಆಜ್ಞೆಯ ಮೇಲೆ.

ಅದರಲ್ಲೂ ಸೆಪ್ಟೆಂಬರ್ 12ರ ಪ್ರಸಂಗ ನಾಟಕವೇ ಸರಿ. ಆಗ ಚಾನ್ಸಲರ್ ಫ್ರಾಂಜ್ ಫಾನ್ ಪಾಪೆನ್. ಕಮ್ಯುನಿಸ್ಟರು ಇದ್ದಕ್ಕಿದ್ದಂತೆ ಅವಿಶ್ವಾಸ ತಂದರು. ಪಾಪೆನ್ ಓಡೋಡಿ ವಿಸರ್ಜನೆಯ ಕಾಗದ ತರಿಸಿಕೊಂಡು, ಕೆಂಪು ಫೈಲು ಹಿಡಿದು ಮಾತಾಡಲು ಎದ್ದ. ಸಭಾಧ್ಯಕ್ಷನ ಕುರ್ಚಿಯಲ್ಲಿದ್ದ ನಾಜಿ ನಾಯಕ ಗೋರಿಂಗ್ ಆ ಕಡೆ ತಿರುಗಿಯೇ ನೋಡಲಿಲ್ಲ, ಮತದಾನ ಶುರು ಮಾಡಿಸಿದ. ಸರ್ಕಾರದ ವಿರುದ್ಧ 512, ಪರವಾಗಿ 42. ಇಷ್ಟು ಕಡಿಮೆ ಬೆಂಬಲ ಇದ್ದ ಮನುಷ್ಯ ದೇಶ ಆಳುತ್ತಿದ್ದ.

ನೀಲಿಶಾಯಿ

ಎಡಪಕ್ಷಗಳ ಜಗಳದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ. 1932ರ ನವೆಂಬರಿನಲ್ಲಿ ಸೋಷಿಯಲ್ ಡೆಮಾಕ್ರಾಟರು 121, ಕಮ್ಯುನಿಸ್ಟರು 100. ಒಟ್ಟು 221. ನಾಜಿಗಳು 196. ಒಟ್ಟಾಗಿದ್ದರೆ ಅವರೇ ದೊಡ್ಡ ಬಣ. ಆದರೆ ಮಾಸ್ಕೋದ ಮಾತು ಕೇಳಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಾಟರನ್ನೇ ಫ್ಯಾಸಿಸ್ಟರು ಅಂತ ಕರೆಯುತ್ತಿದ್ದರು. ಆ ಚುನಾವಣೆಗೆ ಸ್ವಲ್ಪ ದಿನ ಮೊದಲು ಬರ್ಲಿನ್ ಸಾರಿಗೆ ಮುಷ್ಕರದಲ್ಲಿ ನಾಜಿಗಳ ಪಕ್ಕದಲ್ಲೇ ನಿಂತಿದ್ದರು.

ಹಳೇಪುಟ

ನಿಜ ಮೇಡಂ, ಅದು ದೊಡ್ಡ ಪಾಪ. ಆದರೆ ಒಂದು ಕಡೆಯದು ಮಾತ್ರ ಅಲ್ಲ. 1919ರಲ್ಲಿ ಸೋಷಿಯಲ್ ಡೆಮಾಕ್ರಾಟ್ ಸರ್ಕಾರ ಬಲಪಂಥೀಯ ಸ್ವಯಂಸೇನೆಗಳನ್ನು ಕರೆಸಿ ಬಂಡಾಯ ಹತ್ತಿಕ್ಕಿತ್ತು. ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್, ಕಾರ್ಲ್ ಲೀಬ್‌ಕ್ನೆಕ್ಟ್ ಕೊಲೆಯಾದದ್ದು ಆಗಲೇ. ಆ ರಕ್ತ ಒಣಗಿರಲಿಲ್ಲ.

ಮತ್ತೆ 584 ಸೀಟಿನ ಸಂಸತ್ತಿನಲ್ಲಿ 221 ಬಹುಮತ ಅಲ್ಲ. ಇನ್ನೂ ಕೆಟ್ಟ ಲೆಕ್ಕ ಜುಲೈನದ್ದು. ಆಗ ನಾಜಿ 230, ಕಮ್ಯುನಿಸ್ಟ್ 89, ಒಟ್ಟು 319, ಇದ್ದದ್ದು 608. ಸಂಸತ್ತೇ ಬೇಡ ಅನ್ನುವ ಎರಡು ಪಕ್ಷಗಳಿಗೆ ಸೇರಿ ಬಹುಮತ. ಯಾವ ಸರ್ಕಾರವನ್ನಾದರೂ ಕೆಡವಬಹುದಿತ್ತು, ಕಟ್ಟಲು ಆಗುತ್ತಿರಲಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನನಗೆ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1932ರ ನವೆಂಬರ್ 6ರಿಂದ 1933ರ ಜನವರಿ 30ರವರೆಗಿನ ಮೂರು ತಿಂಗಳು. ನವೆಂಬರಿನಲ್ಲಿ ನಾಜಿಗಳು 20 ಲಕ್ಷ ವೋಟು ಕಳೆದುಕೊಂಡರು. 37.3ರಿಂದ 33.1ಕ್ಕೆ ಬಿದ್ದರು. ಪಕ್ಷದ ಖಜಾನೆ ಬರಿದು. ಒಂದೇ ವರ್ಷದಲ್ಲಿ ಎರಡು ಸುತ್ತು ಅಧ್ಯಕ್ಷ ಚುನಾವಣೆ, ಎರಡು ಸಂಸತ್ ಚುನಾವಣೆ, ಜೊತೆಗೆ ಪ್ರಾಂತ್ಯಗಳದ್ದು. ಡಿಸೆಂಬರಿನಲ್ಲಿ ಪಕ್ಷದ ಎರಡನೇ ನಾಯಕನಂತಿದ್ದ ಗ್ರೆಗೋರ್ ಸ್ಟ್ರಾಸರ್ ರಾಜೀನಾಮೆ ಬಿಸಾಕಿ ಹೋದ. ಕೆಲವು ಪತ್ರಿಕೆಗಳು ಹೊಸ ವರ್ಷಕ್ಕೆ, ಹಿಟ್ಲರನ ಕಾಲ ಮುಗಿಯಿತು ಅನ್ನುವ ಧಾಟಿಯಲ್ಲೇ ಬರೆದವು.

ಆಗ ಅವನನ್ನು ಎತ್ತಿ ತಂದವರು ಯಾರು? ಪಾಪೆನ್‌ನನ್ನು ಕೆಳಗಿಳಿಸಿ ಡಿಸೆಂಬರ್ 3ಕ್ಕೆ ಜನರಲ್ ಶ್ಲೈಷರ್ ಚಾನ್ಸಲರ್ ಆಗಿದ್ದರು. ಪಾಪೆನ್‌ಗೆ ಸೇಡು. ಜನವರಿ 4ರಂದು ಕಲೋನ್‌ನಲ್ಲಿ ಬ್ಯಾಂಕರ್ ಶ್ರೋಡರ್ ಮನೆಯಲ್ಲಿ ಅವನು ಹಿಟ್ಲರನನ್ನು ಗುಟ್ಟಾಗಿ ಭೇಟಿಯಾದ. ಗುಟ್ಟು ಮರುದಿನವೇ ಪತ್ರಿಕೆಯಲ್ಲಿ ಬಂತು, ಅದು ಬೇರೆ ಮಾತು. ಮುಂದಿನ ಮೂರೂವರೆ ವಾರ ಹಿಂಡೆನ್‌ಬರ್ಗ್ ಕಿವಿಯಲ್ಲಿ ಒಂದೇ ಜಪ: ಹಿಟ್ಲರ್ ಚಾನ್ಸಲರ್, ನಾನು ಉಪ ಚಾನ್ಸಲರ್, ಮಂತ್ರಿಮಂಡಲದಲ್ಲಿ ನಾಜಿಗಳು ಅವನೂ ಸೇರಿ ಮೂವರೇ, ಉಳಿದವರೆಲ್ಲಾ ನಮ್ಮವರು. ಎರಡೇ ತಿಂಗಳಲ್ಲಿ ಅವನನ್ನು ಮೂಲೆಗೆ ತಳ್ಳುತ್ತೇವೆ ಎಂದು ಪಾಪೆನ್ ಹೇಳಿಕೊಂಡಿದ್ದ.

ಆ ಮೂವರಲ್ಲಿ ಇನ್ನಿಬ್ಬರು ಯಾರು ಗೊತ್ತಾ? ಫ್ರಿಕ್, ದೇಶದ ಗೃಹಮಂತ್ರಿ. ಗೋರಿಂಗ್, ಪ್ರಷ್ಯಾ ಪ್ರಾಂತ್ಯದ ಗೃಹ ಖಾತೆ. ಅಂದರೆ ಪೊಲೀಸರು. ದೇಶದ ಸುಮಾರು ಐದರಲ್ಲಿ ಮೂರು ಭಾಗ ಇದ್ದ ಪ್ರಷ್ಯಾದಲ್ಲಿ ಅಲ್ಲಿಯವರೆಗೆ ಸೋಷಿಯಲ್ ಡೆಮಾಕ್ರಾಟರ ಸರ್ಕಾರವೇ ಇರುತ್ತಿತ್ತು. ಅದನ್ನು 1932ರ ಜುಲೈ 20ರಂದು ಒಂದು ತುರ್ತು ಆಜ್ಞೆಯಲ್ಲಿ ಕಿತ್ತುಹಾಕಿ ಕೇಂದ್ರದ ಕೈಗೆ ತೆಗೆದುಕೊಂಡವನು ಇದೇ ಪಾಪೆನ್. ತಾನು ಆಳಲು ಅಂತ ಮಾಡಿಟ್ಟ ಏರ್ಪಾಟು ಆರು ತಿಂಗಳಲ್ಲಿ ಗೋರಿಂಗ್ ಕೈಗೆ ಹೋಯಿತು.

ಬಿಕ್ಕಟ್ಟು ಹಿಟ್ಲರನಿಗೆ ಮೂರನೇ ಒಂದು ಭಾಗದಷ್ಟು ವೋಟು ಕೊಟ್ಟಿತು. ಉಳಿದದ್ದನ್ನು ಕೊಟ್ಟವರು ಹಸಿದವರಲ್ಲ, ಹೊಟ್ಟೆ ತುಂಬಿದ್ದ ಹತ್ತಾರು ಜನ. ಚುನಾವಣೆ ಗೆದ್ದು ಬಂದ ಅನ್ನುವ ಮಾತು ಕೇಳಿದಾಗೆಲ್ಲಾ ನನಗೆ ಪಿತ್ತ ನೆತ್ತಿಗೇರುತ್ತದೆ.

ನಿರ್ವಾಹಕ

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಇವತ್ತಿನ ನಾಯಕರ ಹೋಲಿಕೆ ಇಲ್ಲಿ ಬೇಡ. ವಿಷಯದ ಮೇಲೆ ಇರಿ.

ಸಂಜೆಓದು

ಎಲ್ಲರಿಗೂ ಥ್ಯಾಂಕ್ಸ್. ಆದರೆ ಚಾನ್ಸಲರ್ ಆಗುವುದು ಬೇರೆ, ಸರ್ವಾಧಿಕಾರಿ ಆಗುವುದು ಬೇರೆ ಅಲ್ವಾ? ಬ್ರೂನಿಂಗ್, ಪಾಪೆನ್ ಎಲ್ಲಾ ಚಾನ್ಸಲರ್ ಆಗಿದ್ದವರೇ. ಇವನು ಮಾತ್ರ ಕುರ್ಚಿ ಬಿಡದಂತೆ ಹೇಗೆ ಕೂತ?

ಕಾನೂನುಕಟ್ಟೆ

ಎಂಟು ವಾರದ ಕೆಲಸ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹಿಂಡೆನ್‌ಬರ್ಗ್ ಸಹಿ ಹಾಕಿದ ಆಜ್ಞೆ: ಮಾತು, ಪತ್ರಿಕೆ, ಸಭೆಯ ಹಕ್ಕು, ಮನೆ ಶೋಧ, ಬಂಧನದ ವಿರುದ್ಧದ ರಕ್ಷಣೆ, ಎಲ್ಲವೂ ಅಮಾನತು. ಇದೂ 48ನೇ ವಿಧಿಯದ್ದೇ. ಮೂರು ವರ್ಷದಿಂದ ಆಜ್ಞೆ ನೋಡಿ ನೋಡಿ ಜನಕ್ಕೆ ಅಭ್ಯಾಸವಾಗಿತ್ತು, ಇನ್ನೊಂದು ಬಂತು ಅಂದುಕೊಂಡರು.

ಮಾರ್ಚ್ 5ರ ಚುನಾವಣೆಯಲ್ಲಿ, ಪೊಲೀಸ್ ಕೈಯಲ್ಲಿದ್ದು, ಎದುರಾಳಿಗಳು ಜೈಲಲ್ಲಿದ್ದು, ನಾಜಿಗಳಿಗೆ ಬಂದದ್ದು 43.9. ಆಗಲೂ ಬಹುಮತ ಇಲ್ಲ! ಮಾರ್ಚ್ 23ಕ್ಕೆ ಕ್ರೋಲ್ ಒಪೆರಾ ಹೌಸ್‌ನಲ್ಲಿ ಸಂಸತ್ತು ಸೇರಿತು, ಒಳಗೆ ನಾಜಿ ಸಮವಸ್ತ್ರದವರು ಸಾಲಾಗಿ ನಿಂತಿದ್ದರು. ಸಂಸತ್ತಿಲ್ಲದೆ ಸರ್ಕಾರವೇ ಕಾನೂನು ಮಾಡಬಹುದು ಎಂಬ ಮಸೂದೆ. ಸಂವಿಧಾನ ತಿದ್ದಲು ಮೂರನೇ ಎರಡು ಬೇಕು. 81 ಕಮ್ಯುನಿಸ್ಟ್ ಸದಸ್ಯರು ಜೈಲಲ್ಲಿ ಅಥವಾ ತಲೆಮರೆಸಿಕೊಂಡಿದ್ದರು. ಸೆಂಟರ್ ಪಕ್ಷದವರು ಚರ್ಚಿನ ಹಕ್ಕಿನ ಬಗ್ಗೆ ಭರವಸೆ ನಂಬಿ ಹೂಂ ಅಂದರು. ಹಿಟ್ಲರ್ ಕಳಿಸುತ್ತೇನೆ ಅಂದಿದ್ದ ಪತ್ರ ಕೊನೆಗೂ ಬರಲಿಲ್ಲ. 444 ಪರ, 94 ವಿರುದ್ಧ. ಆ 94 ಅಷ್ಟೂ ಸೋಷಿಯಲ್ ಡೆಮಾಕ್ರಾಟರು. ಅಂಥ ಸಭೆಯಲ್ಲಿ ಎದ್ದು ನಿಂತು ವಿರುದ್ಧ ಮಾತಾಡಿದವರು ಅವರ ನಾಯಕ ಓಟ್ಟೋ ವೆಲ್ಸ್ ಒಬ್ಬರೇ.

ಮೇ 2ಕ್ಕೆ ಕಾರ್ಮಿಕ ಸಂಘಗಳು ಹೋದವು, ಜುಲೈ 14ಕ್ಕೆ ನಾಜಿ ಬಿಟ್ಟು ಬೇರೆ ಪಕ್ಷವೇ ಇಲ್ಲ.

ಕಟ್ಟೆಹುಡುಗ

ಆದರೂ ಕೆಲಸ ಕೊಟ್ಟನಲ್ಲ ಗುರುಗಳೇ. ಅಷ್ಟು ಲಕ್ಷ ಜನ ನಿರುದ್ಯೋಗಿಗಳು ನಾಲ್ಕೈದು ವರ್ಷದಲ್ಲಿ ಮಾಯ. ಜನ ಸುಮ್ನೆ ಹಿಂದೆ ಹೋಗಲಿಲ್ಲ.

ಅಂಕಿಸಂಖ್ಯೆ

ಕೆಲಸ ಹೆಚ್ಚಿದ್ದು ನಿಜ. ಆದರೆ ಶುರುವಾದದ್ದು ಅವನಿಗಿಂತ ಮೊದಲು. 1932ರ ದ್ವಿತೀಯಾರ್ಧದಲ್ಲೇ ಕುಸಿತ ತಳ ಮುಟ್ಟಿತ್ತು. ಜುಲೈನಲ್ಲಿ ಲೊಸಾನ್ ಸಮ್ಮೇಳನ ಯುದ್ಧ ಪರಿಹಾರವನ್ನು ಹೆಚ್ಚುಕಡಿಮೆ ಮುಗಿಸಿತ್ತು. ಕೆಲಸ ಕೊಡಲು 50 ಕೋಟಿ ಮಾರ್ಕ್ ಯೋಜನೆ ಶ್ಲೈಷರ್ ಕಾಲದ್ದು. ಹಿಟ್ಲರ್ ಬಂದು ರಿಬ್ಬನ್ ಕತ್ತರಿಸಿದ.

ಉಳಿದದ್ದರಲ್ಲಿ ದೊಡ್ಡ ಪಾಲು ಶಸ್ತ್ರಾಸ್ತ್ರ. ಬಜೆಟ್ಟಿನಲ್ಲಿ ಕಾಣದಂತೆ ಮೆಫೋ ಎಂಬ ನೆಪಮಾತ್ರದ ಕಂಪನಿಯ ಹುಂಡಿಗಳ ಮೇಲೆ ಸಾಲ ಮಾಡಿದರು. 1935ರಲ್ಲಿ ಕಡ್ಡಾಯ ಸೈನ್ಯ, ಅಷ್ಟು ಯುವಕರು ಪಟ್ಟಿಯಿಂದ ಹೊರಗೆ. ಮದುವೆ ಸಾಲ ಬೇಕಾದರೆ ಹೆಂಡತಿ ಕೆಲಸ ಬಿಡಬೇಕು, ಅವರೂ ಪಟ್ಟಿಯಲ್ಲಿಲ್ಲ. 1933ರ ಏಪ್ರಿಲ್ 7ರ ಕಾನೂನಿನಲ್ಲಿ ಸರ್ಕಾರಿ ಕೆಲಸದಿಂದ ತೆಗೆದ ಯಹೂದಿಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಸಂಘ ಇಲ್ಲದ ಕಾರಣ ಕೂಲಿ ಕೇಳುವ ಹಾಗಿಲ್ಲ.

ಬಡ್ಡಿದರ

ಸಂಜೆಓದು ಅವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಅಮೆರಿಕದಲ್ಲೂ 1933ರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಆದರೆ ಅಲ್ಲಿ ನೂರೈವತ್ತು ವರ್ಷ ಹತ್ತಿರದ ವ್ಯವಸ್ಥೆ, ಸರ್ಕಾರ ಬೈಯ್ಯಬೇಕಾದರೆ ಇನ್ನೊಂದು ಪಕ್ಷ ಕೈಗೆ ಸಿಗುವಂತೆ ಇತ್ತು. ಅದಕ್ಕಿಂತ ಒಳ್ಳೆ ಹೋಲಿಕೆ ಜರ್ಮನಿಯ ಪಕ್ಕದ ಡೆನ್ಮಾರ್ಕ್.

ಅಲ್ಲೂ ಕೃಷಿ ಬೆಲೆ ಬಿದ್ದಿತ್ತು, ರೈತರ ಹೊಲ ಹರಾಜಿಗೆ ಬಂದಿತ್ತು, ನಿರುದ್ಯೋಗ ಭೀಕರ, ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟು ಕೆಲಸ ಮುಚ್ಚುವ ದೊಡ್ಡ ಬೀಗಮುದ್ರೆಗೆ ತಯಾರಾಗಿದ್ದರು. ಪ್ರಧಾನಿ ಸ್ಟೌನಿಂಗ್ ತಮ್ಮ ಮನೆಯಲ್ಲೇ ಪಕ್ಷಗಳನ್ನು ಕೂರಿಸಿಕೊಂಡು ರಾಜಿ ಮಾಡಿದರು. ರೈತರ ಪಕ್ಷಕ್ಕೆ ಬೇಕಿದ್ದ ಹಾಗೆ ಅಲ್ಲಿನ ಹಣವಾದ ಕ್ರೋನ್ ಬೆಲೆ ಇಳಿಸಿ ರಫ್ತಿಗೆ ದಾರಿ. ಬದಲಿಗೆ ಕಾರ್ಮಿಕರಿಗೆ ಸಾಮಾಜಿಕ ವಿಮೆಯ ದೊಡ್ಡ ಸುಧಾರಣೆ, ಬೀಗಮುದ್ರೆಗೆ ತಡೆ. ಈ ಒಪ್ಪಂದ ಆದ ದಿನ 1933ರ ಜನವರಿ 30. ಹಿಟ್ಲರ್ ಪ್ರಮಾಣವಚನ ತೆಗೆದುಕೊಂಡ ಅದೇ ಸೋಮವಾರ!

ಅದೇ ವರ್ಷ ಮೇ ತಿಂಗಳಲ್ಲಿ ಸ್ವೀಡನ್‌ನಲ್ಲೂ ಸೋಷಿಯಲ್ ಡೆಮಾಕ್ರಾಟರು ಮತ್ತು ರೈತ ಪಕ್ಷ ಇಂಥದೇ ಕೊಡು-ಕೊಳ್ಳು ಮಾಡಿಕೊಂಡರು. ಜರ್ಮನಿಯಲ್ಲಿ ಅರ್ಧ ಶೇಕಡಾ ಮೇಲೆ ಮುರಿದುಕೊಂಡದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ದೂರದರ್ಬಾರು

ಓದುತ್ತಾ ಕೂತಿದ್ದೆ, ಒಂದು ತಕರಾರು. ಹಣದುಬ್ಬರವನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡಬೇಡಿ. ಪೆರು ನೋಡಿ. 1990ರಲ್ಲಿ ಬೆಲೆ ಏರಿಕೆ ವರ್ಷಕ್ಕೆ 7,000 ಶೇಕಡಾಕ್ಕೂ ಹೆಚ್ಚು. ಜೊತೆಗೆ ಶೈನಿಂಗ್ ಪಾತ್ ಬಂಡುಕೋರರ ಬಾಂಬು. ಹಳೇ ಪಕ್ಷಗಳ ಮೇಲೆ ಬೇಸತ್ತ ಜನ ಯಾರಿಗೂ ಗೊತ್ತಿಲ್ಲದ ಫುಜಿಮೊರಿಯನ್ನು ಗೆಲ್ಲಿಸಿದರು. 1992ರ ಏಪ್ರಿಲ್ 5ಕ್ಕೆ ಅವನು ಸೈನ್ಯದ ಬಲದಿಂದ ಸಂಸತ್ತನ್ನೇ ಮುಚ್ಚಿದ. ಜನ ವಿರೋಧಿಸಲಿಲ್ಲ, ಬಹಳ ಮಂದಿ ಚಪ್ಪಾಳೆ ಹೊಡೆದರು. 2000ದವರೆಗೆ ಕೂತ.

ಹಳೇಪುಟ

ಒಳ್ಳೆ ಉದಾಹರಣೆ, ಖುಷಿಯಾಯಿತು. ಆದರೆ ಇಸವಿ ಗಮನಿಸಿ. ಅವನು ಸಂಸತ್ತು ಮುಚ್ಚಿದಾಗ ಹಣದುಬ್ಬರ ಎಷ್ಟೋ ಇಳಿದಿತ್ತು. ಅತಿ ಕಷ್ಟದ ಘಳಿಗೆಯಲ್ಲಿ ಅಲ್ಲ, ಸ್ವಲ್ಪ ಸುಧಾರಿಸುತ್ತಿದ್ದಾಗ. ಜರ್ಮನಿಯಲ್ಲೂ ಹಾಗೇ.

ಪೆರು ಪಕ್ಕದ ಬೊಲಿವಿಯಾ ಕೂಡ ನೋಡಿ. 1984-85ರಲ್ಲಿ ಅಲ್ಲಿನ ಹಣದುಬ್ಬರ ಪೆರುವಿಗಿಂತಲೂ ಭಯಂಕರ. ಅಧ್ಯಕ್ಷ ಸಿಲೆಸ್ ಸುವಾಸೊ ತಮ್ಮ ಅವಧಿಯಲ್ಲೇ ಒಂದು ವರ್ಷ ಬಿಟ್ಟುಕೊಟ್ಟು ಚುನಾವಣೆ ಕರೆದರು. ಮೊದಲು ಬಂದವರು ಯಾರು? ಹಳೇ ಸರ್ವಾಧಿಕಾರಿ ಹ್ಯೂಗೋ ಬಾನ್ಸರ್. ಯಾರಿಗೂ ಅರ್ಧಕ್ಕಿಂತ ಜಾಸ್ತಿ ವೋಟು ಇರಲಿಲ್ಲವಾದ್ದರಿಂದ ಸಂಸತ್ತು ಆರಿಸಬೇಕಿತ್ತು. ಅದು ಎರಡನೇ ಸ್ಥಾನದ ಪಾಸ್ ಎಸ್ತೆನ್ಸೊರೊ ಅವರನ್ನು ಆರಿಸಿತು. ಬಾನ್ಸರ್ ಒಪ್ಪಿಕೊಂಡ, ಆಮೇಲೆ ಬೆಂಬಲವನ್ನೂ ಕೊಟ್ಟ. ಕಾರ್ಮಿಕ ನಾಯಕರನ್ನು ಹಿಡಿದು ದೂರದ ಊರುಗಳಿಗೆ ಅಟ್ಟಿದ್ದು ನಿಜ, ಆ ಸರ್ಕಾರ ಹಾಲಿನಂಥದ್ದಲ್ಲ. ಆದರೆ ಚುನಾವಣೆ ನಿಲ್ಲಲಿಲ್ಲ.

ಇಟಲಿಯದೂ ಸೇರಿಸುತ್ತೇನೆ. 1921ರ ಚುನಾವಣೆಯಲ್ಲಿ ಮುಸೊಲಿನಿ ಕಡೆಯವರು 535ರಲ್ಲಿ 35. 1922ರ ಅಕ್ಟೋಬರ್ 28ಕ್ಕೆ ಅವನ ಕಪ್ಪಂಗಿ ತೊಟ್ಟ ಪಡೆಯವರು ರೋಮ್ ಕಡೆ ಹೊರಟಾಗ ಪ್ರಧಾನಿ ಫಾಕ್ಟಾ ಸೇನಾ ಆಡಳಿತದ ಆಜ್ಞೆ ತಯಾರು ಮಾಡಿ ದೊರೆಯ ಮುಂದಿಟ್ಟರು. ದೊರೆ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲು ಹತ್ತಿ ಬಂದು ಪ್ರಧಾನಿಯಾದ.

ನೀಲಿಶಾಯಿ

ಹಾಗಾದರೆ ಸಹಿ ಹಾಕಿದ ಉದಾಹರಣೆ ಇದೆಯಾ ಸರ್? ಅಂದರೆ ಬಲಪಂಥದ ಹಿರಿಯನೇ ಇಂಥವರನ್ನು ತಡೆದದ್ದು?

ಹಳೇಪುಟ

ಎರಡಿವೆ ಮೇಡಂ. ಒಂದು ಬೆಲ್ಜಿಯಂ. 1936ರಲ್ಲಿ ಲಿಯೋನ್ ದೆಗ್ರೆಲ್‌ನ ರೆಕ್ಸ್ ಪಕ್ಷ ಒಮ್ಮೆಲೇ 21 ಸೀಟು ಗೆದ್ದಿತು. ಮರುವರ್ಷ ಏಪ್ರಿಲ್‌ನಲ್ಲಿ ಅವನು ಬ್ರಸೆಲ್ಸ್ ಉಪಚುನಾವಣೆಗೆ ನಿಂತಾಗ ಕ್ಯಾಥೊಲಿಕರು, ಲಿಬರಲರು, ಸಮಾಜವಾದಿಗಳು, ಕಮ್ಯುನಿಸ್ಟರು ಎಲ್ಲಾ ಸೇರಿ ಪ್ರಧಾನಿ ಫಾನ್ ಜೀಲಾಂಡ್ ಒಬ್ಬರನ್ನೇ ನಿಲ್ಲಿಸಿದರು. ಚರ್ಚಿನ ಕಾರ್ಡಿನಲ್ ಕೂಡ ದೆಗ್ರೆಲ್ ವಿರುದ್ಧ ಮಾತಾಡಿದರು. 76ಕ್ಕೆ 19 ಶೇಕಡಾ. ಅಲ್ಲಿಗೆ ರೆಕ್ಸ್ ಇಳಿಮುಖ.

ಇನ್ನೊಂದು ಫಿನ್‌ಲೆಂಡ್, ನೀವು ಕೇಳಿದ್ದಕ್ಕೆ ಸರಿಯಾದ ಉತ್ತರ. ಅಲ್ಲಿ ಲಪುವಾ ಚಳವಳಿ ಅಂತ ಇತ್ತು. ಕಮ್ಯುನಿಸ್ಟರನ್ನು ಹೊಡೆಯುವುದು, ಎದುರಾಳಿಗಳನ್ನು ಹೊತ್ತೊಯ್ದು ಗಡಿಯಲ್ಲಿ ಬಿಡುವುದು. 1931ರಲ್ಲಿ ಅಧ್ಯಕ್ಷರಾದ ಸ್ವಿನ್‌ಹುವುದ್ ಗೆದ್ದದ್ದೇ ಇವರ ಬೆಂಬಲದಿಂದ. ಅಪ್ಪಟ ಸಂಪ್ರದಾಯವಾದಿ. ಹಿಂಡೆನ್‌ಬರ್ಗ್ ಅವರಂತೆಯೇ ವಯಸ್ಸಾದವರು. 1932ರ ಫೆಬ್ರವರಿ ಕೊನೆಯಲ್ಲಿ ಲಪುವಾದವರು ಮ್ಯಾಂಟ್ಸಾಲಾದಲ್ಲಿ ಬಂದೂಕು ಹಿಡಿದು ಸೇರಿ ಸರ್ಕಾರ ಇಳಿಯಬೇಕು ಅಂದರು. ಸ್ವಿನ್‌ಹುವುದ್ ಮಾತುಕತೆಗೆ ಕರೆಯಲಿಲ್ಲ. ರೇಡಿಯೋದಲ್ಲಿ ಮಾತಾಡಿ, ಮನೆಗೆ ಹೋಗಿ, ಹೋದವರಿಗೆ ಶಿಕ್ಷೆ ಇಲ್ಲ, ಮುಖಂಡರಿಗೆ ಮಾತ್ರ ಅಂದರು. ಕೆಲವೇ ದಿನದಲ್ಲಿ ಗುಂಪು ಕರಗಿತು. ಚಳವಳಿಯನ್ನೇ ನಿಷೇಧಿಸಿದರು. ಯಾವ ಕಾನೂನಿನಡಿ ಗೊತ್ತಾ? ಕಮ್ಯುನಿಸ್ಟರನ್ನು ಮುಚ್ಚಿಸಲು 1930ರಲ್ಲಿ ಲಪುವಾದವರೇ ಗಲಾಟೆ ಮಾಡಿ ತರಿಸಿಕೊಂಡಿದ್ದ ಗಣರಾಜ್ಯ ರಕ್ಷಣಾ ಕಾನೂನು.

ಕಟ್ಟೆಹುಡುಗ

ಹ್ಹ ಹ್ಹ, ಇದು ಚೆನ್ನಾಗಿದೆ. ಫಿನ್‌ಲೆಂಡ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಗುರುಗಳೇ, ಅಲ್ಲಿಗೇ ಬರುತ್ತೇನೆ. ಈ ಸಲ ಪೂರ್ತಿ ಓದಿಯೇ ಜಗಳ ತೆಗೆಯುತ್ತೇನೆ.